ಗುಂಡು ಯಾರದು ಎಂದು ಕೇಳುವವರಿಗೆ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಸಾಕು, ಲೋಕದ ಮೊಕದ್ದಮೆಗಳೆಲ್ಲ ಅಲ್ಲೇ ಇತ್ಯರ್ಥವಾಗಿ ಬಿಡುತ್ತವೆ. 2024ರ ಡಿಸೆಂಬರಿನ ಒಂದು ಮಧ್ಯಾಹ್ನವೂ ಹಾಗೇ ಆಯಿತು. ಹಾಶಿಂಪುರ ಹತ್ಯೆಯ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಕೆಲವರಿಗೆ ಸುಪ್ರೀಂ ಕೋರ್ಟು ಜಾಮೀನು ಕೊಟ್ಟ ಸುದ್ದಿ ಪತ್ರಿಕೆಯ ಒಳಪುಟದಲ್ಲಿತ್ತು. ಅದನ್ನು ಗಟ್ಟಿಯಾಗಿ ಓದಿದವರು ನಮ್ಮ ವಿಜ್ಞಾನದ ಮೇಷ್ಟ್ರು. ಓದಿ, ಪತ್ರಿಕೆಯನ್ನು ಮಡಚಿ, ಮಜ್ಜಿಗೆ ಅನ್ನ ಕಲಸುತ್ತಾ ಹೇಳಿದರು: "ನೋಡಿ ಮೇಡಂ, ಯಾವ ಗುಂಡು ಯಾರ ಬಂದೂಕಿನಿಂದ ಬಂತು ಅಂತ ಒಂದು ಲ್ಯಾಬ್ ರಿಪೋರ್ಟೂ ಸರಿಯಾಗಿ ಹೇಳಲಿಲ್ಲ. ಕೆಳಗಿನ ಕೋರ್ಟು ಬಿಟ್ಟುಬಿಟ್ಟಿತ್ತು. ಹೈಕೋರ್ಟು ಹದಿನಾರು ಜನರನ್ನೂ ಒಟ್ಟಿಗೆ ಜೈಲಿಗೆ ಹಾಕಿತು. ವೈಜ್ಞಾನಿಕ ಪುರಾವೆ ಇಲ್ಲದ ಶಿಕ್ಷೆಗೆ ನ್ಯಾಯ ಅಂತೀರಾ ನೀವು?"

ನಾನು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಆರನೇ ತರಗತಿಗೆ ಹೋಗಿ ಸಂಧಿ ಹೇಳಿಕೊಟ್ಟೆ. ಮನಸ್ಸು ಮಾತ್ರ ಸ್ಟಾಫ್ ರೂಮಿನಲ್ಲೇ ಉಳಿದಿತ್ತು. ಅಂದು ಕೊಡಲಾಗದ ಉತ್ತರವನ್ನು ಈಗ ಕೊಡುತ್ತಿದ್ದೇನೆ. ಮೇಷ್ಟ್ರಿಗೆ ಮಾತ್ರವಲ್ಲ, ಅವರಂತೆ ಕೇಳುವ ಎಲ್ಲರಿಗೂ. ಅವರು ಕೆಟ್ಟವರಲ್ಲ, ಓದಿದವರು. ಓದಿದವರೇ ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುತ್ತಾರೆ ಎನ್ನುವುದೇ ನನ್ನ ತಕರಾರು.

ಮೊದಲು ನಡೆದದ್ದೇನು ಎಂದು ಹೇಳಬೇಕು. ನಮ್ಮಲ್ಲಿ ಬಹಳ ಹೆಣ್ಣುಮಕ್ಕಳಿಗೆ ಹಾಶಿಂಪುರ ಎಂಬ ಹೆಸರೇ ಗೊತ್ತಿಲ್ಲ. ಅದು ಉತ್ತರ ಪ್ರದೇಶದ ಮೀರತ್ ನಗರದ ಒಂದು ಮೊಹಲ್ಲಾ. ನೇಕಾರರು, ದಿನಗೂಲಿಯವರು ಇದ್ದ ಕೇರಿ. 1987ರ ಮೇ ತಿಂಗಳಲ್ಲಿ ಮೀರತ್ ಕೋಮುಗಲಭೆಯಲ್ಲಿ ಬೇಯುತ್ತಿತ್ತು. ಮೇ 22 ಶುಕ್ರವಾರ, ರಂಜಾನ್ ತಿಂಗಳು. ಸೇನೆ, ಪೊಲೀಸು, ಪಿಎಸಿ ಎಂಬ ಸಶಸ್ತ್ರ ಪಡೆ ಸೇರಿ ಮೊಹಲ್ಲಾವನ್ನು ಶೋಧಿಸಿ ಗಂಡಸರನ್ನು ಮನೆಗಳಿಂದ ಹೊರಗೆ ಕರೆತಂದರು. ಸಂಜೆ ಅವರಲ್ಲಿ ಸುಮಾರು 42ರಿಂದ 45 ಮಂದಿಯನ್ನು ಪಿಎಸಿಯ 41ನೇ ಬೆಟಾಲಿಯನ್ನಿನ ಒಂದು ಲಾರಿಗೆ ತುಂಬಿದರು. ಠಾಣೆಗೆ ಒಯ್ಯುತ್ತಾರೆ ಎಂದುಕೊಂಡಿದ್ದರು ಮನೆಯವರು. ಲಾರಿ ಹೋದದ್ದು ಮುರಾದ್‌ನಗರದ ಬಳಿ ಗಂಗಾ ಕಾಲುವೆಗೆ. ಅಲ್ಲಿ ಒಬ್ಬೊಬ್ಬರನ್ನೇ ಇಳಿಸಿ ಗುಂಡು ಹಾರಿಸಿ ನೀರಿಗೆ ಎಸೆದರು. ದೂರದಿಂದ ವಾಹನವೊಂದರ ದೀಪ ಕಂಡಿತು. ಅಲ್ಲಿಗೆ ನಿಲ್ಲಿಸಿ, ಉಳಿದವರನ್ನು ಮಕನ್‌ಪುರ ಹಳ್ಳಿಯ ಬಳಿ ಹಿಂಡನ್ ನದಿಗೆ ಒಯ್ದು ಅಲ್ಲಿ ಮುಗಿಸಿದರು. ಐವರು ಸಾಯಲಿಲ್ಲ. ಗುಂಡು ತಿಂದು, ಸತ್ತವರಂತೆ ನೀರಿನಲ್ಲಿ ಬಿದ್ದುಕೊಂಡು ಬದುಕಿದರು. ಸತ್ತವರು 38 ಎಂದು ಮುಂದೆ ಹೈಕೋರ್ಟು ದಾಖಲಿಸಿತು. ಹೆಚ್ಚಿನವರ ದೇಹವೇ ಮನೆಗೆ ಬರಲಿಲ್ಲ.

ನನಗೆ ಆಗ ಹದಿನೇಳು. ಪಿಯುಸಿ ಮುಗಿಸಿ, ಬಿ.ಎ.ಗೆ ಸೇರಿಸುತ್ತಾರೋ ಮದುವೆ ಮಾಡುತ್ತಾರೋ ಎಂದು ಅಪ್ಪನ ಮುಖ ನೋಡುತ್ತಿದ್ದ ದಿನಗಳು. ಮೀರತ್ ಎಂದರೆ ಇತಿಹಾಸದ ಪುಸ್ತಕದ 1857 ಮಾತ್ರ. ನನ್ನ ಮದುವೆಯಾಯಿತು, ಬಿ.ಎಡ್. ಆಯಿತು, ಇಬ್ಬರು ಮಕ್ಕಳಾದರು, ಮಗಳ ಮದುವೆಯೂ ಆಯಿತು. ಅಷ್ಟು ಕಾಲವೂ ಆ ಕೇರಿಯ ಹೆಂಗಸರು ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಆರೋಪಪಟ್ಟಿ ಸಲ್ಲಿಕೆಯಾದದ್ದು 1996ರಲ್ಲಿ, ಒಂಬತ್ತು ವರ್ಷಕ್ಕೆ. ವಾರಂಟಿನ ಮೇಲೆ ವಾರಂಟು ಹೋದರೂ ಆರೋಪಿಗಳು ಶರಣಾದದ್ದು 2000ದಲ್ಲಿ. ಅವರೇನು ಕಾಡಿನಲ್ಲಿ ಅಡಗಿರಲಿಲ್ಲ, ಸರಕಾರಿ ಸಂಬಳದ ಮೇಲಿದ್ದರು. 2002ರಲ್ಲಿ ಸುಪ್ರೀಂ ಕೋರ್ಟು ಪ್ರಕರಣವನ್ನು ಗಾಜಿಯಾಬಾದಿನಿಂದ ದೆಹಲಿಗೆ ವರ್ಗಾಯಿಸಿತು. 2015ರ ಮಾರ್ಚ್ 21ರಂದು ದೆಹಲಿಯ ವಿಚಾರಣಾ ನ್ಯಾಯಾಲಯ, ಬದುಕಿ ಉಳಿದಿದ್ದ ಹದಿನಾರು ಆರೋಪಿಗಳನ್ನೂ ಬಿಡುಗಡೆ ಮಾಡಿತು. ಕೊಲೆ ನಡೆದಿಲ್ಲ ಎಂದು ಅದು ಹೇಳಲಿಲ್ಲ. ಪಿಎಸಿಯವರು ಮಾಡಿಲ್ಲ ಎಂದೂ ಹೇಳಲಿಲ್ಲ. ಮಾಡಿದವರು ಈ ಹದಿನಾರು ಮಂದಿಯೇ, ಒಯ್ದ ಲಾರಿ ಇದೇ ಎಂಬುದು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಿಲ್ಲ ಎಂದಿತು.

ಇಲ್ಲಿ ಮೇಷ್ಟ್ರ ವಿಜ್ಞಾನ ಬರುತ್ತದೆ. ನಾನು ಬಿ.ಎ. ಓದಿದವಳು, ಆದರೂ ಈ ವಿಷಯವನ್ನು ಸ್ವಲ್ಪ ಓದಿಕೊಂಡೆ. ಗುಂಡೇಟಿನ ಪ್ರಕರಣದಲ್ಲಿ ಡಾಕ್ಟರು ಏನು ಹೇಳಬಲ್ಲರು? ಗುಂಡು ಎಲ್ಲಿ ಒಳಹೊಕ್ಕಿತು, ಎಲ್ಲಿ ಹೊರಬಂತು ಎಂದು ಗಾಯ ನೋಡಿ ಹೇಳಬಲ್ಲರು. ಸಾಮಾನ್ಯವಾಗಿ ಹೊಕ್ಕ ಗಾಯ ಚಿಕ್ಕದು, ಅಂಚು ಒಳಕ್ಕೆ ಮಡಚಿರುತ್ತದೆ. ಹೊರಬಂದ ಗಾಯ ದೊಡ್ಡದು, ಹರಿದಿರುತ್ತದೆ. ತೀರ ಹತ್ತಿರದಿಂದ ಹೊಡೆದಿದ್ದರೆ ಚರ್ಮದ ಮೇಲೆ ಮಸಿ ಹಿಡಿದಿರುತ್ತದೆ, ಮದ್ದಿನ ಕಣಗಳು ಹಚ್ಚೆ ಚುಚ್ಚಿದಂತೆ ಕೂತಿರುತ್ತವೆ. ದೂರ ಹೆಚ್ಚಿದಂತೆ ಇವು ಇಲ್ಲವಾಗುತ್ತವೆ. ಗಾಯವಾಗಿ ಎಷ್ಟು ಹೊತ್ತಾಯಿತು, ಸಾವಿಗೆ ಅದೇ ಕಾರಣವೇ ಎಂಬುದನ್ನೂ ಅಂದಾಜಾಗಿ ಹೇಳಬಹುದು. ಹೊಡೆದವನ ಹೆಸರನ್ನು ಮಾತ್ರ ಯಾವ ಗಾಯವೂ ಹೇಳುವುದಿಲ್ಲ.

ಬಂದೂಕಿನ ತಜ್ಞರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ರೈಫಲ್ಲಿನ ನಳಿಗೆಯ ಒಳಗೆ ಸುರುಳಿಯಾಕಾರದ ಗೆರೆಗಳಿರುತ್ತವೆ. ಗುಂಡು ಅದರೊಳಗೆ ಉಜ್ಜಿಕೊಂಡು ಬರುವಾಗ ಗೀರು ಬೀಳುತ್ತದೆ. ಖಾಲಿ ತೋಟಾದ ಹಿಂಬದಿಯಲ್ಲಿ ಫೈರಿಂಗ್ ಪಿನ್ ಹೊಡೆದ ಗುರುತು ಉಳಿಯುತ್ತದೆ. ಒಂದೇ ಮಾದರಿಯ ನೂರು ರೈಫಲ್ಲುಗಳಿಗೆ ಗೆರೆಗಳ ಲೆಕ್ಕ ಒಂದೇ, ಆದರೆ ಸೂಕ್ಷ್ಮ ಗೀರುಗಳು ಬೇರೆ ಬೇರೆ. ಎರಡು ಗುಂಡುಗಳನ್ನು ಜೋಡಿ ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸಿ, ಇದು ಈ ಬಂದೂಕಿನದೇ ಎಂದು ಹೇಳಲಾಗುತ್ತದೆ. ಚೆನ್ನಾಗಿದೆ. ನಾನೂ ಒಪ್ಪುತ್ತೇನೆ. ಆದರೆ ಈ ವಿದ್ಯೆಗೆ ಏನೇನು ಬೇಕು ನೋಡಿ. ಗುಂಡು ಸಿಗಬೇಕು. ಬಂದೂಕು ಸಿಗಬೇಕು. ಕೂಡಲೇ ಸಿಗಬೇಕು. ಸಿಕ್ಕಿದ್ದನ್ನು ಮೊಹರು ಮಾಡಿ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಬರೆದಿಟ್ಟು ಪ್ರಯೋಗಾಲಯಕ್ಕೆ ಮುಟ್ಟಿಸಬೇಕು.

ಹಾಶಿಂಪುರದಲ್ಲಿ ರೈಫಲ್ಲು ಯಾರ ಕೈಯಲ್ಲಿತ್ತು? ಪಿಎಸಿಯ ಕೈಯಲ್ಲಿ. ಆ ರಾತ್ರಿಯೇ ಅವನ್ನು ಜಪ್ತಿ ಮಾಡಿದವರಿಲ್ಲ. ಅವು ಶಸ್ತ್ರಾಗಾರಕ್ಕೆ ಮರಳಿ ಬೇರೆಯವರಿಗೆ ಹಂಚಿಕೆಯಾದವು. ಲಾರಿ ಯಾರದು? ಪಿಎಸಿಯದು. ದೇಹಗಳು ಎಲ್ಲಿ? ಕಾಲುವೆಯ ಪಾಲು. ತನಿಖೆ ಮಾಡಿದವರು ಯಾರು? ಅದೇ ರಾಜ್ಯದ ಪೊಲೀಸಿನ ಸಿಐಡಿ. ಗಾಜಿಯಾಬಾದಿನ ಅಂದಿನ ಎಸ್.ಪಿ. ವಿಭೂತಿ ನಾರಾಯಣ ರಾಯ್ ಅಂಥವರು ಆ ರಾತ್ರಿಯೇ ಸ್ಥಳಕ್ಕೆ ಹೋಗಿ ಕೇಸು ದಾಖಲಿಸದೆ ಇದ್ದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಛಾಯಾಗ್ರಾಹಕ ಪ್ರವೀಣ್ ಜೈನ್ ಅಂದು ಮೊಹಲ್ಲಾದಲ್ಲಿ ತೆಗೆದ ಚಿತ್ರಗಳು ಇಲ್ಲದಿದ್ದರೆ, ಕೈ ಮೇಲೆತ್ತಿ ಸಾಲಾಗಿ ನಡೆದ ಆ ಗಂಡಸರು ಇದ್ದದ್ದೇ ಸುಳ್ಳು ಎನ್ನುವವರೂ ಹುಟ್ಟುತ್ತಿದ್ದರೋ ಏನೋ.

ಈಗ ಹೇಳಿ ಮೇಷ್ಟ್ರೇ, ವೈಜ್ಞಾನಿಕ ಪುರಾವೆ ಯಾಕಿಲ್ಲ ಎಂಬ ಪ್ರಶ್ನೆಯನ್ನು ಯಾರಿಗೆ ಕೇಳಬೇಕು? ಗಂಡನ ಚಪ್ಪಲಿ ಕೂಡ ಮರಳಿ ಸಿಗದ ನೇಕಾರನ ಹೆಂಡತಿಗೋ? ಕತ್ತಲೆಯಲ್ಲಿ, ಹೆಲ್ಮೆಟ್ಟು ಹಾಕಿಕೊಂಡು ಗುಂಡು ಹೊಡೆದವನ ಮುಖವನ್ನು ಯಾಕೆ ಗುರುತಿಟ್ಟುಕೊಳ್ಳಲಿಲ್ಲ ಎಂದು ಆ ಐವರಿಗೋ?

ಆ ಐವರ ಮೈ ಮೇಲಿನ ಗಾಯಗಳೂ ವೈದ್ಯಕೀಯ ಸಾಕ್ಷ್ಯವೇ ಎಂಬುದನ್ನು ನಾವು ಮರೆಯುತ್ತೇವೆ. ಗುಂಡು ತಗುಲಿದ ಸಾಕ್ಷಿ ಅಲ್ಲಿ ಇದ್ದನೋ ಇಲ್ಲವೋ ಎಂದು ಯಾರೂ ಕೇಳುವಂತಿಲ್ಲ, ಅವನ ಗಾಯವೇ ಅವನ ಹಾಜರಿ. ಗಾಯಗೊಂಡ ಸಾಕ್ಷಿಯ ಮಾತಿಗೆ ಹೆಚ್ಚಿನ ತೂಕವಿದೆ ಎಂದು ಸುಪ್ರೀಂ ಕೋರ್ಟು ಹಲವು ಬಾರಿ ಹೇಳಿದೆ. 2010ರಲ್ಲಿ, ಗುಂಪು ಹಲ್ಲೆಯ ಒಂದು ಮಧ್ಯಪ್ರದೇಶದ ಪ್ರಕರಣದಲ್ಲಿ, ಕಣ್ಣಾರೆ ಕಂಡವರ ಮಾತಿಗೂ ಡಾಕ್ಟರ ಅಭಿಪ್ರಾಯಕ್ಕೂ ಹೊಂದಿಕೆಯಾಗದಿದ್ದರೆ ಏನು ಮಾಡಬೇಕು ಎಂಬುದನ್ನೂ ಹೇಳಿತು. ಕಂಡವರ ಮಾತೇ ಸಾಮಾನ್ಯವಾಗಿ ಮೇಲು. ಕಂಡದ್ದಾಗಿ ಹೇಳಿದ್ದು ನಡೆದಿರಲು ಸಾಧ್ಯವೇ ಇಲ್ಲ ಎನ್ನುವಷ್ಟು ವೈದ್ಯಕೀಯ ಸಾಕ್ಷ್ಯ ವಿರುದ್ಧವಾಗಿದ್ದರೆ ಮಾತ್ರ ಕಂಡವರನ್ನು ನಂಬದಿರಬಹುದು. ಆದರೆ ನಮ್ಮ ಓದಿದ ಜನ ಇದನ್ನು ತಲೆಕೆಳಗು ಮಾಡಿಕೊಂಡಿದ್ದಾರೆ. ಟಿ.ವಿ. ಧಾರಾವಾಹಿಯಲ್ಲಿ ಬಿಳಿ ಕೋಟಿನವರು ಕಂಪ್ಯೂಟರಿನ ಮುಂದೆ ಕೂತು ಎರಡು ನಿಮಿಷಕ್ಕೆ ಕೊಲೆಗಾರನನ್ನು ಹಿಡಿಯುವುದನ್ನು ನೋಡಿ ನೋಡಿ, ಹಾಗೆ ಹಿಡಿಯದಿದ್ದರೆ ಅದು ಕೊಲೆಯೇ ಅಲ್ಲ ಎಂಬ ನಂಬಿಕೆ ಬೆಳೆದುಬಿಟ್ಟಿದೆ.

ಇನ್ನು, ಗುಂಡು ಯಾರದು ಎಂಬ ಪ್ರಶ್ನೆಗೆ ಬರುತ್ತೇನೆ. ಹತ್ತಾರು ಜನ ಒಟ್ಟಿಗೆ ಹೊರಟು, ಒಟ್ಟಿಗೆ ಜನರನ್ನು ಒಯ್ದು, ಒಟ್ಟಿಗೆ ಕೊಂದು, ಒಟ್ಟಿಗೆ ಮರಳಿ ಬಂದರೆ, ಇಂಥವನ ಎದೆ ಸೀಳಿದ ಗುಂಡು ಇಂಥವನದು ಎಂದು ಲೆಕ್ಕ ಹಾಕಬೇಕಾಗಿಲ್ಲ. ಇದು ಹೊಸ ಮಾತೂ ಅಲ್ಲ. 1923ರಲ್ಲಿ ಕಲ್ಕತ್ತೆಯ ಶಾಂಕರಿಟೋಲಾ ಅಂಚೆ ಕಚೇರಿಗೆ ಪಿಸ್ತೂಲು ಹಿಡಿದು ನುಗ್ಗಿದ ಗುಂಪು ಪೋಸ್ಟ್ ಮಾಸ್ಟರನ್ನು ಗುಂಡಿಟ್ಟು ಕೊಂದಿತು. ಸಿಕ್ಕಿಬಿದ್ದವನು ತಾನು ಹೊರಗೆ ನಿಂತಿದ್ದೆನೇ ಹೊರತು ಗುಂಡು ಹಾರಿಸಿಲ್ಲ ಎಂದ. ಅಪೀಲು ಲಂಡನ್ನಿನ ಪ್ರಿವಿ ಕೌನ್ಸಿಲಿನ ತನಕ ಹೋಯಿತು. ಸಮಾನ ಉದ್ದೇಶದಿಂದ ಬಂದು ನಿಂತವನೂ ಕೊಲೆಯಲ್ಲಿ ಪಾಲುದಾರನೇ ಎಂದು ಅಲ್ಲಿ ತೀರ್ಮಾನವಾಯಿತು. ನೂರು ವರ್ಷ ದಾಟಿತು. ಬಡವರ ಗುಂಪಿನ ಮೇಲೆ ಈ ನಿಯಮವನ್ನು ಹಾಕುವಾಗ ಯಾರಿಗೂ ಗುಂಡಿನ ಲೆಕ್ಕ ನೆನಪಾಗುವುದಿಲ್ಲ. ಖಾಕಿ ತೊಟ್ಟವರು ಆರೋಪಿಗಳಾದಾಗ ಮಾತ್ರ ಎಲ್ಲರೂ ಗಣಿತಜ್ಞರಾಗುತ್ತಾರೆ.

ಹಾಗಾದರೆ ಹೈಕೋರ್ಟಿಗೆ ಸಿಕ್ಕಿದ್ದೇನು? ಇಲ್ಲಿ ನನ್ನಂಥ ಟೀಚರಿಗೆ ಮೈ ಜುಮ್ಮೆನ್ನುವ ಸಂಗತಿಯಿದೆ. ಸಿಕ್ಕಿದ್ದು ಒಂದು ರಿಜಿಸ್ಟರು. ಪಿಎಸಿಯ ತುಕಡಿಯ ಜನರಲ್ ಡೈರಿ. ಅಂದು ಯಾವ ಲಾರಿ ಹೊರಟಿತು, ಅದರಲ್ಲಿ ಯಾರು ಯಾರು ಹೋದರು ಎಂದು ದಿನದಿನ ಬರೆಯುವ ಪುಸ್ತಕ. ಒಂದು ರೀತಿಯಲ್ಲಿ ಹಾಜರಿ ಪುಸ್ತಕವೇ. ವಿಚಾರಣಾ ನ್ಯಾಯಾಲಯದಲ್ಲಿ ಸಾಬೀತಾಗದೆ ಉಳಿದಿದ್ದ ಅದು ಅಪೀಲಿನ ಹಂತದಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದವರು ಹೆಚ್ಚುವರಿ ಸಾಕ್ಷ್ಯ ಬೇಕೆಂದು ಕೇಳಿದ ಮೇಲೆ ಬೆಳಕಿಗೆ ಬಂತು. ಅಪೀಲಿನಲ್ಲಿ ಹೊಸ ಸಾಕ್ಷ್ಯ ಪಡೆಯಲು ಕಾನೂನಿನಲ್ಲಿ ಅವಕಾಶವಿತ್ತು. 2018ರಲ್ಲಿ, ಇಳಿವಯಸ್ಸಿನ ನಿವೃತ್ತ ಪೊಲೀಸೊಬ್ಬರು ಸಾಕ್ಷಿ ಕಟ್ಟೆ ಹತ್ತಿ ಆ ಬರವಣಿಗೆಯನ್ನು ದೃಢಪಡಿಸಿದರು. ಯು.ಆರ್.ಯು. 1493 ನಂಬರಿನ ಲಾರಿ, ಅದರಲ್ಲಿ ಹೋದವರ ಹೆಸರುಗಳು. ಮೂವತ್ತೊಂದು ವರ್ಷ ಆ ಹೆಸರುಗಳು ಕಾಗದದ ಮೇಲೆ ಸುಮ್ಮನೆ ಕೂತಿದ್ದವು. 2018ರ ಅಕ್ಟೋಬರ್ 31ರಂದು ನ್ಯಾಯಮೂರ್ತಿಗಳಾದ ಎಸ್. ಮುರಳೀಧರ್ ಮತ್ತು ವಿನೋದ್ ಗೋಯಲ್ ಬಿಡುಗಡೆಯ ತೀರ್ಪನ್ನು ರದ್ದು ಮಾಡಿ ಹದಿನಾರು ಮಂದಿಗೂ ಜೀವಾವಧಿ ಶಿಕ್ಷೆ ವಿಧಿಸಿದರು. ಸುಪ್ರೀಂ ಕೋರ್ಟಿಗೆ ಅಪೀಲು ಹೋಯಿತು. ಜಾಮೀನಿನ ಸುದ್ದಿ ಅಲ್ಲಿಂದ ಬಂದದ್ದು.

ಬಿಡುಗಡೆಯಾದವರನ್ನು ಅಪೀಲಿನಲ್ಲಿ ಶಿಕ್ಷಿಸುವುದು ಸರಿಯೇ ಎಂದೂ ಮೇಷ್ಟ್ರು ಗೊಣಗಿದ್ದರು. ಅಪೀಲು ಕೋರ್ಟು ಸಾಕ್ಷ್ಯವನ್ನೆಲ್ಲ ಮೊದಲಿನಿಂದ ತೂಗಿ ನೋಡಬಹುದು. ಬಿಡುಗಡೆಯಿಂದ ಆರೋಪಿಯ ನಿರಪರಾಧಿತ್ವಕ್ಕೆ ಇಮ್ಮಡಿ ಬಲ ಬಂದಿರುತ್ತದೆ ಎಂಬುದನ್ನು ಮಾತ್ರ ಅದು ನೆನಪಿಡಬೇಕು, ಎರಡು ಅಭಿಪ್ರಾಯಗಳಿಗೂ ಸಮಾನ ಎಡೆಯಿದ್ದರೆ ಬಿಡುಗಡೆಯನ್ನು ಕೆಡಿಸಬಾರದು. 2007ರಲ್ಲಿ ಸುಪ್ರೀಂ ಕೋರ್ಟು ಇದನ್ನೆಲ್ಲ ಕ್ರಮವಾಗಿ ಬರೆದದ್ದು ನಮ್ಮ ಕರ್ನಾಟಕದಿಂದಲೇ ಹೋದ ಒಂದು ಅಪೀಲಿನಲ್ಲಿ.

ರಿಜಿಸ್ಟರಿನ ಮಾತು ಬಂದದ್ದಕ್ಕೆ ಇಷ್ಟು ದಿನ ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ, ನಾನು ಬೇರೊಂದು ಶಾಲೆಯಲ್ಲಿದ್ದಾಗ, ಮಳೆಗಾಲದಲ್ಲಿ ಶೌಚಾಲಯದ ಗೋಡೆ ಕುಸಿದು ಐದನೇ ತರಗತಿಯ ಹುಡುಗಿಯೊಬ್ಬಳ ಕಾಲು ಮುರಿಯಿತು. ನನ್ನದೇ ತರಗತಿ. ತಾಯಿ ಹೂ ಕಟ್ಟಿ ಮಾರುವವಳು. ಡಾಕ್ಟರು ಗಾಯದ ಸರ್ಟಿಫಿಕೇಟಿನಲ್ಲಿ ಮೂಳೆ ಮುರಿದದ್ದನ್ನು, ಭಾರದ ವಸ್ತು ಬಿದ್ದು ಆದ ಗಾಯವೆಂಬುದನ್ನು ಸರಿಯಾಗಿಯೇ ಬರೆದಿದ್ದರು. ಪರಿಹಾರದ ಮಾತು ಎದ್ದಿತು. ಎರಡು ದಿನಕ್ಕೆ ಹೆಡ್ ಮಾಸ್ಟರು ನನ್ನ ಮುಂದೆ ಒಂದು ಹೊಸ ಹಾಜರಿ ಪುಸ್ತಕ ಇಟ್ಟರು. "ಹಳೆಯದು ಮಳೆಯಲ್ಲಿ ನೆನೆದಿದೆ, ಈ ತಿಂಗಳದ್ದು ಪೂರ್ತಿ ನಕಲು ಮಾಡಿಬಿಡಿ. ಆ ದಿನ ಆ ಹುಡುಗಿ ಬಂದಿರಲಿಲ್ಲ ಅಲ್ಲವೇ?" ಎಂದರು. ಹಳೆಯದು ನೆನೆದಿರಲಿಲ್ಲ. ನನ್ನ ನೌಕರಿ ಆಗ ಖಾಯಂ ಆಗಿರಲಿಲ್ಲ. ನಲವತ್ತೆರಡು ಹೆಸರುಗಳನ್ನು ನನ್ನ ದುಂಡನೆಯ ಅಕ್ಷರದಲ್ಲಿ ನಕಲು ಮಾಡಿದೆ. ಒಂದು ಮನೆಯಲ್ಲಿ ಗೈರುಹಾಜರಿ ಹಾಕಿದೆ.

ವಿಚಾರಣೆಗೆ ಬಂದವರು ಆ ತಾಯಿಗೆ ಏನು ಹೇಳಿದರು ಗೊತ್ತೇ? ಕಾಲು ಮುರಿದಿದೆ ನಿಜ, ಡಾಕ್ಟರು ಬರೆದಿದ್ದಾರೆ. ಆದರೆ ಶಾಲೆಯಲ್ಲೇ ಮುರಿಯಿತು ಅನ್ನುವುದಕ್ಕೆ ಪುರಾವೆ ಏನಮ್ಮ? ಆಕೆ ನನ್ನ ಕಡೆ ತಿರುಗಿ ನೋಡಿದಳು. ನಾನು ಕಿಟಕಿ ನೋಡಿದೆ.

ಆದ್ದರಿಂದ, ಪುರಾವೆ ಎಲ್ಲಿ ಎಂದು ಯಾರಾದರೂ ಬಲಹೀನರನ್ನು ಕೇಳಿದರೆ ನನಗೆ ತಡೆಯಲಾಗುವುದಿಲ್ಲ. ಪುರಾವೆ ಎಲ್ಲಿತ್ತು ಎಂದು ನನಗೆ ಗೊತ್ತು. ನನ್ನ ಮೇಜಿನ ಖಾನೆಯಲ್ಲಿತ್ತು.

ತನಿಖೆಯ ಲೋಪದ ಲಾಭ ಆರೋಪಿಗೆ ಸಿಗಬೇಕು ಎಂಬ ತತ್ವವನ್ನು ನಾನು ಅಲ್ಲಗಳೆಯುತ್ತಿಲ್ಲ. ಯಾವುದೋ ಕೂಲಿಯವನನ್ನು ಠಾಣೆಗೆ ಎಳೆದು ತಂದು, ಅವನ ಮನೆಯಲ್ಲಿ ಪೊಲೀಸರೇ ಪಿಸ್ತೂಲು ಇಟ್ಟು, ಅವರೇ ಪಂಚನಾಮೆ ಬರೆದಾಗ ಆ ತತ್ವವೊಂದೇ ಅವನ ಜೀವ ಉಳಿಸುವುದು. ಸಾಕ್ಷ್ಯ ಅವನ ಕೈಯಲ್ಲಿಲ್ಲ, ಸರಕಾರದ ಕೈಯಲ್ಲಿದೆ. ಕೆಟ್ಟರೆ ಸರಕಾರವೇ ಕೆಡಿಸಿದ್ದು. ಸರಿ. ಆದರೆ ಆರೋಪಿಯೇ ಸರಕಾರದವನಾದಾಗ? ಬಂದೂಕು, ಲಾರಿ, ಡೈರಿ, ತನಿಖೆ ಎಲ್ಲವೂ ಒಂದೇ ಕಡೆ ಸೇರಿದಾಗ? ಅಲ್ಲೂ ಅದೇ ಲಾಭ ಕೊಡುತ್ತೇವೆಂದರೆ, ಚೆನ್ನಾಗಿ ಮುಚ್ಚಿಟ್ಟವನಿಗೆ ಬಹುಮಾನ ಕೊಟ್ಟಂತೆ. ಇದನ್ನು ಕಾನೂನೇ ಊಹಿಸಿತ್ತು. ತನ್ನ ಬಳಿ ಇದ್ದು, ಹಾಜರುಪಡಿಸಬಹುದಾಗಿದ್ದ ಸಾಕ್ಷ್ಯವನ್ನು ಒಬ್ಬ ತಡೆಹಿಡಿದರೆ, ಅದು ಬಂದಿದ್ದರೆ ಅವನಿಗೇ ವಿರುದ್ಧವಾಗುತ್ತಿತ್ತು ಎಂದು ಕೋರ್ಟು ಭಾವಿಸಬಹುದು. 1872ರ ಸಾಕ್ಷ್ಯ ಕಾಯಿದೆಯ 114ನೇ ಕಲಮಿನಲ್ಲಿ ಇದು ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ತನಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಹೇಳುವ ಹೊಣೆ ಅವನದೇ ಎಂಬ 106ನೇ ಕಲಮೂ ಇತ್ತು. ವಶಕ್ಕೆ ತೆಗೆದುಕೊಂಡ ಮನುಷ್ಯ ಎಲ್ಲಿ ಹೋದ ಎಂದು ವಶಕ್ಕೆ ತೆಗೆದುಕೊಂಡವನೇ ಹೇಳಬೇಕಲ್ಲವೇ? ಮನೆಕೆಲಸದವಳ ಕೈಯಿಂದ ಒಂದು ಲೋಟ ಕಳೆದರೆ ನಾವು ಯಾರನ್ನು ಕೇಳುತ್ತೇವೆ?

2024ರ ಜುಲೈಯಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ನ್ಯಾಯವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ರಾಜ್ಯಗಳಿಗೆ ಐದು ವರ್ಷದ ಸಮಯ ಕೊಟ್ಟಿದ್ದಾರೆ. ಒಳ್ಳೆಯದೇ, ಮೇಷ್ಟ್ರು ಇದನ್ನು ಕೇಳಿದರೆ ಖುಷಿಪಡುತ್ತಾರೆ. ನನ್ನದು ಒಂದೇ ಸಣ್ಣ ಪ್ರಶ್ನೆ. ತಜ್ಞರನ್ನು ಸ್ಥಳಕ್ಕೆ ಕರೆಸುವವರು ಠಾಣೆಯವರು. ಕೊಂದವರು ಠಾಣೆಯ ಅಣ್ಣತಮ್ಮಂದಿರಾದ ದಿನ ಆ ಫೋನು ಯಾರು ಮಾಡುತ್ತಾರೆ? ಗುಂಡು ಹಾರಿದ ಗಂಟೆಯೊಳಗೆ ಶಸ್ತ್ರಾಗಾರಕ್ಕೆ ಬೇರೆ ಇಲಾಖೆಯವರು ಬೀಗ ಹಾಕಬೇಕು, ಡೈರಿಯ ಪುಟಗಳ ಪ್ರತಿ ಅಂದೇ ಮ್ಯಾಜಿಸ್ಟ್ರೇಟರ ಕೈ ಸೇರಬೇಕು ಎಂಬ ನಿಯಮ ಮೊದಲು ಬರಲಿ. ಬಂದ ಮೇಲೆ ನಾವು ವಿಧವೆಯರ ಹತ್ತಿರ ವಿಜ್ಞಾನ ಕೇಳೋಣ.

ಇದನ್ನು ಬರೆದು ಮುಗಿಸಿ ಮೇಷ್ಟ್ರಿಗೆ ಓದಲು ಕೊಟ್ಟೆ. ಹಾಜರಿ ಪುಸ್ತಕದ ಭಾಗಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನು ಹಾಕಲೇಬೇಕಾ ಮೇಡಂ? ನಿಮ್ಮ ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದೆ" ಎಂದರು. ಹಾಕಬೇಕು ಎಂದೆ. ಆ ಹುಡುಗಿಗೆ ಈಗ ಮೂವತ್ತು ದಾಟಿದೆ. ಬಸ್ ಸ್ಟ್ಯಾಂಡಿನ ಪಕ್ಕ ತಾಯಿಯ ಹೂವಿನ ಅಂಗಡಿಯಲ್ಲಿ ಅವಳೇ ಕೂರುತ್ತಾಳೆ. ಎದ್ದು ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತದೆ. ಇಷ್ಟು ವರ್ಷ ನಾನು ಹೂವನ್ನು ಬೇರೆ ಅಂಗಡಿಯಲ್ಲಿ ಕೊಳ್ಳುತ್ತಿದ್ದೆ.